ಆರು ಗಂಟೆಯ ವ್ಯಾನು

ಕ್ಲೋಂಗ್ ತಾನ್, ಬ್ಯಾಂಗ್‌ಕಾಕ್
ಆಗಸ್ಟ್ 10

ಅಕ್ಕಾ,

ಈಗ ರಾತ್ರಿ ಒಂದೂ ಮುಕ್ಕಾಲು. ಬಚ್ಚಲಿನ ಕಸದ ಡಬ್ಬಿಯ ಮುಚ್ಚಳ ಟಪ್ಪೆಂದು ಬಿದ್ದ ಸದ್ದಿಗೆ ಎಚ್ಚರವಾಯಿತು. ಎಚ್ಚರವಾಯಿತು ಎನ್ನುವಷ್ಟು ನಿದ್ದೆಯೇನೂ ಬಂದಿರಲಿಲ್ಲ. ಗೋಡೆಗೆ ಒರಗಿ ಕೂತಲ್ಲೇ ಕಣ್ಣು ಸ್ವಲ್ಪ ಹತ್ತಿತ್ತು. ಎದ್ದು ಹೋಗಿ ನೋಡಿದರೆ ಮಖಾಮ್ ದೀಪವನ್ನೂ ಹಾಕಿಕೊಳ್ಳದೆ, ಒಂದು ಕಾಲಲ್ಲಿ ಡಬ್ಬಿಯ ಪೆಡಲು ಒತ್ತಿ ಹಿಡಿದು, ಒಳಗೆ ಕೈಹಾಕಿ ತಡಕುತ್ತಿದ್ದಳು. ನನ್ನನ್ನು ಕಂಡು ಕಾಲು ತೆಗೆದಳು. ಮುಚ್ಚಳ ಮತ್ತೆ ಟಪ್ಪೆಂದಿತು.

"ಕ್ಷಮಿಸಿ ಚಿಕ್ಕಮ್ಮ, ನಿಮ್ಮ ನಿದ್ದೆ ಕೆಡಿಸ್ಬಿಟ್ಟೆ" ಎಂದಳು.

ಐದು ವರ್ಷದ ಮಗು, ನಾನು ಹೆತ್ತ ಮಗು, ನನ್ನ ಮನೆಯ ಬಚ್ಚಲಲ್ಲಿ ನಿಂತು ನನ್ನ ಕ್ಷಮೆ ಕೇಳಿತು.

ನಿನಗೆ ನಮಸ್ಕಾರ ಹೇಳಿಯೇ ಶುರುಮಾಡಬೇಕಿತ್ತು, ಮರೆತೆ. ನಿನ್ನ ತಂಗಿ ವನ್ನಾಳ ನಮಸ್ಕಾರಗಳು. ನೀನು ಹಿಂದಿನ ವಾರ ಕಳಿಸಿದ ಮೆಸೇಜಿಗೆ ಉತ್ತರ ಬರೆಯದೆ ಸುಮ್ಮನಿದ್ದುದಕ್ಕೆ ಬೇಸರ ಮಾಡಿಕೊಳ್ಳಬೇಡ. "ಹಾಲಿನ ಪುಡಿ ಡಬ್ಬಿ ಕಳ್ಸಿದ್ ಮಾತ್ರಕ್ಕೆ ಯಾರೂ ಅಮ್ಮ ಆಗಲ್ಲ" ಎಂದು ನೀನು ಬರೆದಿದ್ದೆ. ಸಂಜೆಯಿಂದ ನಿನಗೆ ಕರೆ ಮಾಡುತ್ತಲೇ ಇದ್ದೇನೆ. ನಿನ್ನ ಫೋನು ಬಂದ್. ನೀನು ಬೇಕೆಂದೇ ಬಂದ್ ಮಾಡಿದ್ದೀ ಎಂದು ಗೊತ್ತು. ಮಳೆಯಿಲ್ಲದಿದ್ದರೆ ಮೂರರ ಸುಮಾರಿಗೆ ರಬ್ಬರ್ ತೋಟಕ್ಕೆ ಹೊರಡುತ್ತೀ, ಹಣೆಗೆ ದೀಪ ಕಟ್ಟಿಕೊಂಡ ಮೇಲೆ ಕತ್ತಲಿನ ಭಯಕ್ಕೆ ಹಾಡು ಹಾಕಲು ಫೋನು ತೆರೆಯಲೇಬೇಕು. ಆಗ ಇದು ನಿನ್ನ ಕಣ್ಣಿಗೆ ಬೀಳುತ್ತದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಅಲ್ಲಿ ಮಳೆ ಬರದಿರಲಿ ಎಂದು ನಮ್ಮೂರ ದೇವರನ್ನೆಲ್ಲ ಬೇಡಿಕೊಂಡಿದ್ದೇನೆ.

ಬೆಳಗಿನಿಂದ ನಡೆದದ್ದನ್ನು ಒಂದೊಂದಾಗಿ ಹೇಳುತ್ತೇನೆ. ನಿನಗೂ ಗೊತ್ತಾಗಲಿ, ನೀನು ಕಳಿಸಿದ ಅತಿಥಿಯ ಮೊದಲ ದಿನ ಈ ಊರಲ್ಲಿ ಹೇಗೆ ಕಳೆಯಿತು ಎಂದು.

ಬುಂತಾ ಮಾವನ ವ್ಯಾನು ಮೋ ಚಿತ್ ಬಸ್ ನಿಲ್ದಾಣದ ಹಿಂದಿನ ಗಲ್ಲಿಗೆ ಬಂದಾಗ ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ನಾನು ಅದಕ್ಕೂ ಬಹಳ ಮೊದಲೇ ಹೋಗಿ ನಿಂತಿದ್ದೆ. ಡೆಂಟಲ್ ಕ್ಲಿನಿಕ್ಕಿಗೆ ರಜೆ ಹಾಕಿ, ತಲೆಗೆ ಸ್ನಾನ ಮಾಡಿ, ಸೋಂಗ್‌ಕ್ರಾನ್ ಹಬ್ಬಕ್ಕೆಂದು ಹೊಲಿಸಿ ಉಡದೆ ಉಳಿದಿದ್ದ ಹಸಿರು ಲಂಗ ಉಟ್ಟುಕೊಂಡಿದ್ದೆ. ಮಾವ ಬಾಗಿಲು ಎಳೆದು, "ತಗೋ ವನ್ನಾ, ನಿನ್ ಪಾರ್ಸೆಲ್ಲು! ದಾರೀಲಿ ಒಂದ್ ಸಲಾನೂ ಅಳ್ಲಿಲ್ಲ. ಕೋರಾಟ್ ದಾಟೋವಾಗ ಎದ್ದು, 'ಮಾವ, ನಿಮಗೆ ನಿದ್ದೆ ಬರ್ತಿದ್ರೆ ಹೇಳಿ, ನಾನು ಮಾತಾಡ್ತಾ ಇರ್ತೀನಿ' ಅಂದ್ಳು. ನನ್ ಹೆಂಡ್ತಿ ಇಪ್ಪತ್ ವರ್ಷದಲ್ಲಿ ಒಂದಿನ ಹಾಗಂದಿಲ್ಲ" ಎಂದು ನಕ್ಕರು. ಹೋಗುವಾಗ ಅವಳ ಕೆನ್ನೆ ಹಿಂಡಿ, "ನಾಳೆ ಸಿಗೋಣ ಪುಟ್ಟಿ" ಎಂದರು. ಸುಮ್ಮನೆ ಆಡುವ ಮಾತು ಎಂದುಕೊಂಡೆ.

ಅವಳು ಇಳಿದಳು, ಬ್ಯಾಗನ್ನು ನೆಲದ ಮೇಲಿಟ್ಟಳು, ಎರಡೂ ಕೈ ಜೋಡಿಸಿ, ಮಂಡಿ ಬಾಗಿಸಿ, "ನಮಸ್ಕಾರ ಚಿಕ್ಕಮ್ಮ" ಎಂದಳು. ನಮ್ಮ ಈಸಾನ್ ಸೀಮೆಯ ಮಾತಿನಲ್ಲಲ್ಲ. ಶಾಲೆಯಲ್ಲಿ ಟೀಚರ ಮುಂದೆ ಆಡುವ ಪಟ್ಟಣದ ಮಾತಿನಲ್ಲಿ.

ನಾಚಿಕೆ ಎಂದುಕೊಂಡೆ. ಪಯಣದ ಸುಸ್ತು ಎಂದುಕೊಂಡೆ. ಕಳೆದ ಎರಡು ಹಬ್ಬಕ್ಕೆ ರಜೆ ಸಿಗದೆ ನಾನು ಊರಿಗೆ ಬಂದಿರಲಿಲ್ಲವಲ್ಲ, ಮರೆತಿರಬೇಕು ಎಂದುಕೊಂಡೆ. ಅಲ್ಲೇ ಹಂದಿ ಮಾಂಸದ ಕಡ್ಡಿ ಸುಡುವ ಹೆಂಗಸಿನ ಗಾಡಿಯಿಂದ ಎರಡು ಕಡ್ಡಿ, ಬಾಳೆ ಎಲೆಯಲ್ಲಿ ಸುತ್ತಿದ ಅಂಟಕ್ಕಿ ಅನ್ನ ಕೊಡಿಸಿದೆ. ಆ ಹೆಂಗಸು ನಮ್ಮಿಬ್ಬರನ್ನೂ ನೋಡಿ, "ಮಗಳು ಅಚ್ಚು ನಿಮ್ ಥರಾನೇ ಕಣ್ರೀ, ಅದೇ ಹಣೆ" ಎಂದಳು. ನನಗೆ ಎಷ್ಟು ಹಿಗ್ಗಾಯಿತೆಂದರೆ ಚಿಲ್ಲರೆ ಬೇಡ ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಮಖಾಮ್ ಅನ್ನದ ಉಂಡೆ ಕಟ್ಟುತ್ತಾ, ಬಹಳ ಮರ್ಯಾದೆಯಿಂದ, "ಅಲ್ಲ ಅಜ್ಜಿ, ನಾನು ಇವರ ಅಕ್ಕನ ಮಗಳು" ಎಂದಳು.

ಹೆಂಗಸು ನನ್ನ ಮುಖ ನೋಡಿದಳು. ಆಮೇಲೆ ಇನ್ನೊಂದು ಕಡ್ಡಿ ಚೀಲಕ್ಕೆ ಹಾಕಿದಳು, ದುಡ್ಡು ತೆಗೆದುಕೊಳ್ಳಲಿಲ್ಲ. ಅಕ್ಕಾ, ಬೀದಿಯಲ್ಲಿ ಮಾಂಸ ಸುಡುವವಳಿಗೆ ಒಂದು ಗಳಿಗೆಯಲ್ಲಿ ಅರ್ಥವಾದದ್ದು ನಿನಗೆ ಐದು ವರ್ಷ ಅರ್ಥವಾಗಲಿಲ್ಲವೆ?

ಬಸ್ಸಿನಲ್ಲಿ ಮೆಲ್ಲಗೆ ಕೇಳಿದೆ. "ಮರೀ, ಫೋನಲ್ಲಿ ನನ್ನ 'ಬ್ಯಾಂಗ್‌ಕಾಕ್ ಅಮ್ಮ' ಅಂತಿದ್ದೆಯಲ್ಲ?"

"ಅದು ಫೋನಲ್ಲಿ" ಎಂದಳು, ಕಿಟಕಿಯಿಂದ ಕಣ್ಣು ತೆಗೆಯದೆ. "ಹಾಗನ್ಬೇಕು ಅಂತ ಅಮ್ಮ ಹೇಳ್ಕೊಟ್ಟಿದ್ಲು. ಇಲ್ಲಾಂದ್ರೆ ನೀವು ಅಳ್ತೀರಂತೆ."

ನಿನ್ನ ದಯೆಯ ರೀತಿ ಇದು. ನನಗೆ ಹಾಲಿನ ಪುಡಿಯ ಡಬ್ಬಿಯ ರಸೀತಿಯಂತೆ ದಿನಕ್ಕೊಂದು 'ಅಮ್ಮ' ಕೊಡಿಸಿದೆ. ಫೋನಿಟ್ಟ ಮೇಲೆ ಅದನ್ನು ವಾಪಸು ತೆಗೆದುಕೊಂಡೆ.

ಮನೆಗೆ ಬಂದು ಸ್ನಾನಕ್ಕೆ ನಿಲ್ಲಿಸಿದೆ. ಎರಡೂ ಮಣಿಕಟ್ಟಿನ ತುಂಬ ಬಿಳಿ ದಾರ. ಬಿಳಿ ಎಲ್ಲಿ, ರಾತ್ರಿಯಿಡೀ ವ್ಯಾನಿನ ಸೀಟು ಹಿಡಿದು, ಕರಿದ ಬಾಳೆಹಣ್ಣು ತಿಂದು, ಬೂದು ಬಣ್ಣಕ್ಕೆ ತಿರುಗಿ ಎಣ್ಣೆ ವಾಸನೆ ಹೊಡೆಯುತ್ತಿತ್ತು. ಅದು ಏನೆಂದು ನನಗೆ ಗೊತ್ತಿಲ್ಲದೆ ಇಲ್ಲ. ನಾನು ಕಾಲೇಜಿಗೆ ಹೊರಟ ದಿನ ನಮ್ಮಮ್ಮ ನನಗೂ ಕಟ್ಟಿದ್ದಳು, ನೀನು ಹಿಂದೆ ನಿಂತು ಪದ್ಧತಿಯಂತೆ ಅವಳ ಮೊಣಕೈ ಮುಟ್ಟಿಕೊಂಡಿದ್ದೆ. ದೂರ ಹೊರಟವರ ಖ್ವಾನ್, ಮೈಕಾಯುವ ಆ ಒಳಜೀವ, ದಾರಿಯಲ್ಲಿ ಬೆಚ್ಚಿ ಮೈಬಿಟ್ಟು ಹೋಗದಿರಲೆಂದು ಕಟ್ಟುವುದು. ಮೂರು ದಿನವಾದರೂ ಬಿಡಬೇಕು. ಆಮೇಲೆ ಗಂಟು ಬಿಚ್ಚಬೇಕೇ ಹೊರತು ಕತ್ತರಿ ತಾಗಿಸಬಾರದು. ಎಲ್ಲ ಗೊತ್ತು. ಆದರೆ ನಾಳೆ ಬೆಳಿಗ್ಗೆ ಶಾಲೆಯಲ್ಲಿ ಅವಳನ್ನು ನೋಡುವವರಿದ್ದಾರೆ. ನಾನು ಈ ಊರಿಗೆ ಬಂದ ಹೊಸದರಲ್ಲಿ ಮಣಿಕಟ್ಟಿನ ದಾರ ನೋಡಿ ಹಾಸ್ಟೆಲಿನ ಹುಡುಗಿಯರು, "ಏನೇ, ಊರಲ್ಲಿ ನಿನ್ನ ಎಮ್ಮೆ ಜೊತೆ ಕಟ್ಟಿಹಾಕ್ತಿದ್ರಾ?" ಎಂದು ನಕ್ಕಿದ್ದರು. ನನ್ನ ಮಗಳಿಗೆ ಹಾಗೆ ಯಾರೂ ಅನ್ನಬಾರದು ಎನಿಸಿತು. ಉಗುರಿನ ಕತ್ತರಿ ಅಲ್ಲೇ ಇತ್ತು.

"ಬೇಡ ಚಿಕ್ಕಮ್ಮ" ಎಂದಳು, ಒಂದೇ ಸಲ. ನಾನು ಒಂದು ಕೈ ಮುಗಿಸಿದ ಮೇಲೆ ಇನ್ನೊಂದು ಕೈಯನ್ನು ಅವಳೇ ಚಾಚಿದಳು. ಅಳಲಿಲ್ಲ. ಅತ್ತಿದ್ದರೆ ನಾನು ನಿಲ್ಲಿಸುತ್ತಿದ್ದೆನೋ ಏನೋ. ದೊಡ್ಡವರ ಮನೆಗೆ ಹೋದಾಗ ಎದುರಾಡಬಾರದೆಂದು ಚೆನ್ನಾಗಿ ಕಲಿಸಿದ್ದೀಯ. ದಾರವನ್ನೆಲ್ಲ ಕಸದ ಡಬ್ಬಿಗೆ ಹಾಕಿದೆ.

ಆಮೇಲೆ ಊರು ತೋರಿಸಲು ಹೊರಟೆವು.

ಇಷ್ಟು ಹೇಳಿಯೂ ನಿಜ ಹೇಳಬೇಕು: ಕಾಲುವೆಯ ದೋಣಿಯಲ್ಲಿ ಅವಳು ನಕ್ಕಳು. ಸೇನ್ ಸೇಪ್ ಕಾಲುವೆಯ ದೋಣಿ ಗೊತ್ತಲ್ಲ, ಎದುರಿನಿಂದ ಇನ್ನೊಂದು ಬಂದರೆ ಕೊಳಕು ನೀರು ಮುಖಕ್ಕೇ ರಾಚುತ್ತದೆ, ಅಂಚಿನಲ್ಲಿ ಕೂತವರು ಹಗ್ಗ ಎಳೆದು ಪ್ಲಾಸ್ಟಿಕ್ ಪರದೆ ಏರಿಸಬೇಕು. ಆ ಹಗ್ಗವನ್ನು ಅವಳ ಕೈಗೆ ಕೊಟ್ಟೆ. ಒಂದು ಸಲ ಎಳೆದಳು, ನೀರು ಪರದೆಗೆ ಬಡಿಯಿತು, ಅವಳ ಮುಖ ಅರಳಿತು. ಆಮೇಲೆ ಇಡೀ ದೋಣಿಯ ಕಾವಲು ತನ್ನದೇ ಎಂಬಂತೆ ಕೂತಳು. ಟಿಕೆಟು ಕೊಡುವ ಹುಡುಗಿ ಹೆಲ್ಮೆಟ್ ಹಾಕಿಕೊಂಡು ದೋಣಿಯ ಹೊರ ಅಂಚಿನ ಮೇಲೆ ನಡೆದು ಬಂದಾಗ, "ಅಕ್ಕಾ, ನೀವು ಬಿದ್ರೆ ಟಿಕೆಟ್ ಯಾರು ಕೊಡ್ತಾರೆ?" ಎಂದು ಕೇಳಿದಳು.

"ನೀನೇ ಕೊಡು ಮರಿ. ಈ ಹೆಲ್ಮೆಟ್ಟೂ ನಿಂಗೇ."

"ನಾನು ನಾಳೆ ಇರಲ್ಲ" ಎಂದಳು ನಮ್ಮ ಮಖಾಮ್, ನಿಜಕ್ಕೂ ಬೇಸರದಿಂದ.

ಆ ಮಾತನ್ನೂ ಕೇಳಿಸಿಕೊಂಡೆ. ನಾಳೆ ಶಾಲೆಗೆ ಹೋಗಬೇಕಲ್ಲ, ಅದಕ್ಕೆ ಹೇಳುತ್ತಿದ್ದಾಳೆ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಒಳ್ಳೆಯದನ್ನೇ ಕೇಳಬೇಕೆಂದಿರುವ ಕಿವಿಗೆ ಏನು ಬೇಕಾದರೂ ಒಳ್ಳೆಯದಾಗಿಯೇ ಕೇಳುತ್ತದೆ.

ಮಧ್ಯಾಹ್ನ ಪ್ರಸಿತ್ ಕೆಲಸ ಮಾಡುವ ಶಾಪಿಂಗ್ ಮಾಲ್‌ಗೆ ಕರೆದುಕೊಂಡು ಹೋದೆ. ನಾಳೆ ಶಾಲೆಗೆ ಬರಲು ರಜೆ ಬೇಕೆಂದು ಇವತ್ತು ಹಗಲು ರಾತ್ರಿ ಎರಡೂ ಪಾಳಿ ಅವನದೇ. ಎಸ್ಕಲೇಟರಿನ ಬುಡದ ತಗಡು ತೆಗೆದು, ಹೊಟ್ಟೆಯ ಮೇಲೆ ಮಲಗಿ ಎಣ್ಣೆ ಹಾಕುತ್ತಿದ್ದ. ಮಗಳನ್ನು ನೋಡಿ ಎದ್ದು ಕೂತ. ಕೈಯೆಲ್ಲ ಕಪ್ಪಾಗಿದ್ದರಿಂದ ಮುಟ್ಟಲಾರದೆ, ಮೊಣಕೈಯಿಂದ ಅವಳ ತಲೆ ಸವರಿದ.

"ಈ ಮೆಟ್ಟಿಲೆಲ್ಲ ನಿಮ್ದಾ?" ಎಂದಳು.

"ನಂದೇ. ಬೆಳಿಗ್ಗೆ ಕೀಲಿ ಕೊಟ್ರೆ ರಾತ್ರಿವರೆಗೂ ಓಡ್ತಾವೆ."

"ಮೇಲೆ ಹೋದ ಮೆಟ್ಟಿಲು ಆಮೇಲೆ ಎಲ್ಲಿಗೆ ಹೋಗುತ್ತೆ?"

"ಒಳಗಿಂದಾನೇ ಕೆಳಗೆ ಬಂದ್ಬಿಡುತ್ತೆ. ಎಲ್ಲಿಂದ ಹೊರಡ್ತೋ ಅಲ್ಲಿಗೇ."

"ಹಾಗಾದ್ರೆ ಸರಿ" ಎಂದಳು. ತಲೆಯ ಮೇಲಿನ ಒಂದು ಭಾರ ಇಳಿದಂತೆ.

ಐಸ್‌ಕ್ರೀಮ್ ಕೊಡಿಸಿದ. ಅವಳು ಕೈಮುಗಿದು, "ಥ್ಯಾಂಕ್ಸ್ ಚಿಕ್ಕಪ್ಪ" ಎಂದಳು. ನಾನು ಅವನ ಮುಖ ನೋಡಲಾರದೆ ಬೇರೆ ಕಡೆ ತಿರುಗಿದೆ. ಅವನು ನಗುತ್ತಲೇ, "ಲಾಭ ಆಯ್ತು ಬಿಡು ವನ್ನಾ. ಚಿಕ್ಕಪ್ಪ ಆದ್ರೆ ಐಸ್‌ಕ್ರೀಮ್ ಕೊಡಿಸಿದ್ರೆ ಸಾಕು. ಅಪ್ಪ ಆದ್ರೆ ಗಣಿತಾನೂ ಹೇಳ್ಕೊಡ್ಬೇಕು" ಎಂದ. ನನ್ನ ಗಂಡ ಹಾಗೆಯೇ, ನಿನಗೆ ಗೊತ್ತು. ಆದರೆ ನಾವು ಹೊರಟಾಗ ತಿರುಗಿ ನೋಡಿದೆ. ಕೈ ಒರೆಸುವ ಬಟ್ಟೆಯಿಂದ ಆಗಲೇ ಒರೆಸಿ ಮುಗಿದ ಬೆರಳುಗಳನ್ನೇ ಮತ್ತೆ ಮತ್ತೆ ಒರೆಸಿಕೊಳ್ಳುತ್ತಾ ನಿಂತಿದ್ದ.

ಸಂಜೆ ನದಿಯ ದಂಡೆಯ ಹೂವಿನ ಮಾರುಕಟ್ಟೆಗೆ ಹೋದೆವು. ಅದು ಅವಳದೇ ಆಸೆ. "ಮಲ್ಲಿಗೆ ಎಲ್ಲಿ ಸಿಗುತ್ತೆ ಚಿಕ್ಕಮ್ಮ?" ಎಂದು ದೋಣಿಯಿಂದ ಇಳಿದಾಗಿನಿಂದ ಕೇಳುತ್ತಿದ್ದಳು. ಅಮ್ಮಂದಿರ ದಿನ ಹತ್ತಿರ ಬಂತಲ್ಲ, ಅಂಗಡಿಗಳಲ್ಲಿ ಮಲ್ಲಿಗೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಕುತ್ತಿಗೆಯಲ್ಲಿ ತೂಗುಹಾಕಿದ ಪುಟ್ಟ ಪರ್ಸು ತೆಗೆದು ತನ್ನದೇ ಇಪ್ಪತ್ತು ಬಾತ್ ನೋಟು ಹಿಡಿದುಕೊಂಡಳು. ನಾನು ಕೊಡುತ್ತೇನೆಂದರೆ ಒಪ್ಪಲಿಲ್ಲ. ಒಂದೊಂದು ಹಾರವನ್ನೂ ಮೂಸಿ ನೋಡಿ, ಮೊಗ್ಗು ಒತ್ತಿ ನೋಡಿ, ಕೊನೆಗೆ ಒಂದನ್ನು ಆರಿಸಿದಳು.

"ಅಜ್ಜಿ, ಇದು ನಾಡಿದ್ದಿನವರೆಗೂ ಬಾಡಲ್ವಾ?"

"ಫ್ರಿಜ್ಜಲ್ಲಿಡು, ಬಾಡಲ್ಲ. ಅಮ್ಮಂಗಾ?"

"ಹೂಂ."

ಹೂವಾಡಗಿತ್ತಿ ನನ್ನ ಕಡೆ ನೋಡಿ ನಕ್ಕಳು. ನಾನೂ ನಕ್ಕೆ. ಆ ಹಾರದ ವಿಷಯ ಇಲ್ಲಿಗೆ ಸಾಕು.

ಮನೆಗೆ ಬಂದು ಅನ್ನಕ್ಕಿಟ್ಟಿದ್ದೆ. ಬುಂತಾ ಮಾವ ಫೋನು ಮಾಡಿದರು. "ಪಾಪು ರೆಡಿನಾ ವನ್ನಾ? ಬೆಳಿಗ್ಗೆ ಆರಕ್ಕೆ ನಿಮ್ ಗಲ್ಲಿ ಬಾಯಿಗೇ ಬರ್ತೀನಿ. ಸ್ವಲ್ಪ ಅನ್ನ ಕಟ್ಕೊಡು, ದಾರೀಲಿ ನಿಲ್ಸೋಕೆ ಟೈಮಿರಲ್ಲ."

"ಎಲ್ಲಿಗೆ ಮಾವ?" ಎಂದೆ.

"ಎಲ್ಲಿಗೆ ಅಂದ್ರೆ? ಊರಿಗೆ. ನಿಮ್ಮಕ್ಕ ಲಮ್ದುವನ್ ಹೇಳಿದ್ಲಲ್ಲ. ಒಂದಿನ ಊರ್ ತೋರ್ಸಿ ವಾಪಸ್ ಕರ್ಕೊಂಡ್ ಬನ್ನಿ ಅಂತ. ಎರಡ್ ಕಡೆಗೂ ಸೀಟ್ ಹೇಳಿದ್ದಾಳೆ." ಅಷ್ಟರಲ್ಲಿ ಅವರಿಗೂ ಏನೋ ಹೊಳೆದಿರಬೇಕು. "ನಂಗೇನೂ ಗೊತ್ತಿಲ್ಲಮ್ಮ. ನಾನು ಗಾಡಿ ಓಡಿಸೋನು. ನೀವು ಅಕ್ಕ ತಂಗಿ ಮಾತಾಡ್ಕೊಳಿ. ಆರಕ್ಕೆ ಬಂದು ಎರಡ್ ಸಲ ಹಾರ್ನ್ ಹೊಡೀತೀನಿ, ಬರ್ಲಿಲ್ಲ ಅಂದ್ರೆ ಹೊರಟೆ" ಎಂದು ಇಟ್ಟರು.

ಅಕ್ಕಾ, ಈ ಸಲದ ಸೋಂಗ್‌ಕ್ರಾನಿಗೆ ನಾನು ಬರಲಾಗದಿದ್ದಾಗ ಪ್ರಸಿತ್ ಒಬ್ಬನೇ ಊರಿಗೆ ಬಂದಿದ್ದ. ನಮ್ಮಮ್ಮನ ಬೂದಿ ಇಟ್ಟಿರುವ ಗುಡಿಯ ಗೋಡೆಯ ಮುಂದೆ ಅವನ ಎದುರಿಗೆ ನೀನು ಒಪ್ಪಿಕೊಂಡೆ. ಇಲ್ಲಿನ ಶಾಲೆಯಲ್ಲಿ ಜಾಗ ಸಿಕ್ಕಿದ ದಿನ ಕಳಿಸುತ್ತೇನೆ ಎಂದೆ. ಜಾಗ ಸಿಕ್ಕಿತು. ಯಾರೋ ಒಂದು ಮಗು ಬೇರೆ ಊರಿಗೆ ಹೋಗಿ ಒಂದೇ ಒಂದು ಜಾಗ ತೆರವಾಯಿತು. ನಿನಗೆ ತಿಳಿಸಿದೆ. ನೀನು "ಸರಿ, ಕಳಿಸ್ತೀನಿ" ಎಂದೆ. ನಾನು ಬಂದು ಕರೆದುಕೊಂಡು ಹೋಗುತ್ತೇನೆಂದರೆ, "ಬೇಡ, ನೀನು ಬಂದ್ರೆ ಇಬ್ರೂ ಅಳ್ತೀವಿ, ಬುಂತಾ ಮಾವನ ಜೊತೆ ಕಳಿಸ್ತೀನಿ" ಎಂದೆ. ನಾನು ನಂಬಿದೆ. ಅವಳಿಗೆ ಹೊಸ ಹಾಸಿಗೆ ಹೊಲಿಸಿದೆ. ಗೋಡೆಗೆ ಹಳದಿ ಬಣ್ಣ ಹೊಡೆಸಿದೆ. ನೀನು ಅವಳ ಬ್ಯಾಗಿಗೆ ಎರಡೇ ಜೊತೆ ಬಟ್ಟೆ ಹಾಕಿ ಕಳಿಸಿದೆ. ಉಳಿದದ್ದನ್ನು ಪಾರ್ಸೆಲ್ ಮಾಡುತ್ತೀ ಎಂದುಕೊಂಡೆನಲ್ಲ, ನನಗೆ ನಾನೇ ಏನೆನ್ನಲಿ!

ನಿನಗೆ ಹಕ್ಕಿಲ್ಲ ಎನ್ನುತ್ತಿಲ್ಲ. ಅವಳ ಡೆಂಗಿ ಜ್ವರದಲ್ಲಿ ತಾಲ್ಲೂಕು ಆಸ್ಪತ್ರೆಯ ಜಗಲಿಯಲ್ಲಿ ಚಾಪೆ ಹಾಕಿಕೊಂಡು ಕೂತವಳು ನೀನು. ನಾನು ಬಂದು ತಲುಪುವ ಹೊತ್ತಿಗೆ ಅವಳು ಗಂಜಿ ಕುಡಿಯುತ್ತಿದ್ದಳು. ಮೊದಲ ಹಲ್ಲು, ಮೊದಲ ಹೆಜ್ಜೆ, ಎಲ್ಲವನ್ನೂ ನಾನು ಅಂಗೈಯಗಲದ ಗಾಜಿನಲ್ಲಿ ನೋಡಿದೆ. ಆದರೆ ಒಂದು ವಿಷಯ ಮಾತ್ರ ನಿನಗೆ ಯಾವತ್ತೂ ಹೇಳಿಲ್ಲ. ನೀನು ಅವಳನ್ನು ಎತ್ತಿಕೊಂಡು ಬಸ್ಸು ಹತ್ತಿದ ಮರುದಿನವೇ ನನ್ನ ಹೆರಿಗೆ ರಜೆ ಮುಗಿದಿತ್ತು. ಕ್ಲಿನಿಕ್ಕಿನ ಮೇಜಿನ ಹಿಂದೆ ನಿಂತು ಹೆಸರು ಕೂಗುತ್ತಿದ್ದೆ. ಕಾಯುತ್ತಿದ್ದವರ ಪೈಕಿ ಯಾರದೋ ಕೂಸು ಅತ್ತಿತು. ನನ್ನ ಬಿಳಿ ಅಂಗಿ ಎರಡೂ ಕಡೆ ಒದ್ದೆಯಾಯಿತು. ಹಲ್ಲು ಕೀಳಿಸಲು ಬಂದ ಮುದುಕರೊಬ್ಬರು ಮುಖ ಬೇರೆ ಕಡೆ ತಿರುಗಿಸಿ ನನಗೆ ತಮ್ಮ ಕರವಸ್ತ್ರ ಕೊಟ್ಟರು. ನೀನು ಆವತ್ತು ರಾತ್ರಿ ಫೋನು ಮಾಡಿ, "ಡಬ್ಬಿ ಹಾಲು ಚೆನ್ನಾಗಿ ಕುಡೀತಿದ್ದಾಳೆ ಕಣೇ, ನೀನೇನೂ ಯೋಚ್ನೆ ಮಾಡ್ಬೇಡ" ಎಂದಿದ್ದೆ. ನಾನು "ಸರಿ ಅಕ್ಕಾ" ಎಂದಿದ್ದೆ. ಅಷ್ಟೇ ನಮ್ಮಿಬ್ಬರ ನಡುವೆ ನಡೆದ ಮಾತು.

ಈಗ ರಾತ್ರಿಯ ವಿಷಯಕ್ಕೆ ಬರುತ್ತೇನೆ. ಊಟವಾದ ಮೇಲೆ ಅವಳು ಬಟ್ಟೆ ಮಡಿಸಿ ಬ್ಯಾಗಿಗೆ ಹಾಕಿದಳು. ತಿಂದ ತಟ್ಟೆ ತೊಳೆದಿಟ್ಟಳು. ಹಾಸಿಗೆ ತೋರಿಸಿದರೆ, "ತುಂಬಾ ಚೆನ್ನಾಗಿದೆ ಚಿಕ್ಕಮ್ಮ" ಎಂದು ಅದರ ಅಂಚಿನಲ್ಲಿ ಮಾತ್ರ ಕೂತಳು. ಮಣಿಕಟ್ಟು ಸವರಿಕೊಳ್ಳುತ್ತಲೇ ಇದ್ದಳು. ಏನಾಯಿತೆಂದು ಕೇಳಿದ್ದಕ್ಕೆ ಹೇಳಿದಳು: "ದಾರ ಕೈಯಲ್ಲಿದ್ರೆ ನನ್ನ ಖ್ವಾನ್ ಮನೆ ದಾರಿ ಮರೆಯಲ್ಲ ಅಂತ ಅಮ್ಮ ಹೇಳಿದ್ಲು. ಈಗ ಹೇಗೆ ಹೋಗ್ಲಿ?"

ಈ ಗಲ್ಲಿಯಲ್ಲಿ ರಾತ್ರಿ ಹತ್ತಕ್ಕೆ ಬಿಳಿ ನೂಲು ಎಲ್ಲಿಂದ ತರಲಿ? ಕ್ಲಿನಿಕ್ಕಿನಿಂದ ತಂದಿಟ್ಟಿದ್ದ, ಹಲ್ಲಿನ ಸಂದಿ ಶುಚಿಮಾಡುವ ದಾರದ ಡಬ್ಬಿಯಿತ್ತು. ಅದನ್ನೇ ಉದ್ದಕ್ಕೆ ಎಳೆದು, ನಮ್ಮಮ್ಮ ಹೇಳುತ್ತಿದ್ದಂತೆಯೇ, "ಬಾ ಖ್ವಾನ್ ಬಾ, ಕಾಡಿನಲ್ಲಿದ್ದರೆ ಬಾ, ನೀರಿನಲ್ಲಿದ್ದರೆ ಬಾ" ಎಂದು ಹೇಳುತ್ತಾ ಅವಳ ಕೈಗೆ ಕಟ್ಟಿದೆ. ಅವಳು ಮೂಸಿ ನೋಡಿದಳು.

"ಇದು ಟೂತ್‌ಪೇಸ್ಟ್ ವಾಸನೆ ಬರುತ್ತೆ" ಎಂದಳು. ಮನಸ್ಸು ನೋಯಿಸಿದೆನೋ ಎಂದು ಹೆದರಿ, "ಆದ್ರೆ ಘಮ ಚೆನ್ನಾಗಿದೆ" ಎಂದೂ ಸೇರಿಸಿದಳು.

ನಾನು ಓದಿದವಳು. ಇದನ್ನೆಲ್ಲ ನಂಬುವುದಿಲ್ಲ ಎಂದು ಎಷ್ಟು ಸಲ ನಿನ್ನ ಹತ್ತಿರ ವಾದ ಮಾಡಿದ್ದೇನೆ. ಆದರೂ ಕೂತು ಆ ನುಣುಪು ದಾರಕ್ಕೆ ಮತ್ತೆ ಮತ್ತೆ ಗಂಟು ಹಾಕಿದೆ. ಅದು ಜಾರುತ್ತಲೇ ಇತ್ತು.

ಈಗ ಕಸದ ಡಬ್ಬಿಯಿಂದ ತೆಗೆದ ತುಂಡುಗಳನ್ನು ತೊಡೆಯ ಮೇಲೆ ಹರಡಿಕೊಂಡು, ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಒಂಟಿ ಕೈಯಿಂದ ಗಂಟು ಹಾಕಲು ನೋಡುತ್ತಾ ಬಾಗಿಲ ಬಳಿ ಕೂತಿದ್ದಾಳೆ. ಶೂ ಹಾಕಿಕೊಂಡಿದ್ದಾಳೆ. ನಾನು ಸಹಾಯಕ್ಕೆ ಹೋದರೆ, "ಬೇಡ ಚಿಕ್ಕಮ್ಮ, ಪರವಾಗಿಲ್ಲ" ಎನ್ನುತ್ತಾಳೆ. ಮತ್ತೆ ಕತ್ತರಿಸಿಬಿಡುತ್ತೇನೆಂದು ಹೆದರಿಕೆ.

ಎಂಟು ಗಂಟೆಗೆ ಶಾಲೆಯಲ್ಲಿ ಟೀಚರು ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಮಾತಾಡಿಸುತ್ತಾರೆ. ಜೊತೆಗೆ ಬಂದವರು ಯಾರು ಮರಿ ಎಂದು ಕೇಳುತ್ತಾರೆ. ಅವಳು ಸುಳ್ಳು ಹೇಳುವ ಮಗುವಲ್ಲ. ಅದಕ್ಕೂ ಮೊದಲು ಆರಕ್ಕೆ ಹಾರ್ನು ಕೇಳುತ್ತದೆ. ನಾನು ಬಾಗಿಲಿಗೆ ಚಿಲಕ ಹಾಕಿ ಅಡ್ಡ ನಿಲ್ಲಬಹುದು, ಯಾರೂ ನನ್ನನ್ನು ಕೇಳುವಂತಿಲ್ಲ, ಜನನ ಪತ್ರದಲ್ಲಿ ನನ್ನದೇ ಹೆಸರಿದೆ. ಆದರೆ ಅವಳು ಆ ಬಾಗಿಲು ಬಡಿಯುವುದಿಲ್ಲ ಅಕ್ಕಾ. ಕೈಮುಗಿದು, "ದಯವಿಟ್ಟು ತೆಗೀರಿ ಚಿಕ್ಕಮ್ಮ" ಎನ್ನುತ್ತಾಳೆ. ಅದನ್ನು ಕೇಳಿಸಿಕೊಂಡು ನಾನು ಚಿಲಕದ ಮೇಲೆ ಕೈಯಿಟ್ಟು ನಿಲ್ಲಲಾರೆ.

ನಿನ್ನ ಮೇಲೆ ಇಷ್ಟು ಸಿಟ್ಟಿದ್ದರೂ ಕತ್ತಲಲ್ಲಿ ನಿನ್ನ ಕಾಲಿಗೆ ಹಾವು ತೊಡರದಿರಲಿ, ಕೈಗೆ ಕೊಯ್ಗತ್ತಿ ತಾಗದಿರಲಿ, ಮರ ಹಾಲು ಕೊಡಲಿ. ಇದು ಬಾಯಿಮಾತಿಗೆ ಬರೆದದ್ದಲ್ಲ. ನಮ್ಮಮ್ಮನ ಗೋಡೆಗೆ ನನ್ನ ಹೆಸರಲ್ಲೂ ಒಂದು ಊದುಬತ್ತಿ ಹಚ್ಚು.

ನಿನ್ನ ತಂಗಿ,
ವನ್ನಾ

ಮರೆತ ಮಾತು: ಹಾರದ ವಿಷಯ ಸಾಕು ಎಂದಿದ್ದೆ. ಸಾಕಾಗಲಿಲ್ಲ. ಮನೆಗೆ ಬಂದ ಕೂಡಲೇ ಅವಳು ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಮೊಟ್ಟೆಯ ಪಕ್ಕ ಇಟ್ಟಳು. ರಾತ್ರಿ ಬ್ಯಾಗು ಕಟ್ಟಿದ ಮೇಲೆ, "ಬೆಳಿಗ್ಗೆ ಮರೀದೆ ಕೊಡಿ ಚಿಕ್ಕಮ್ಮ. ನಾಡಿದ್ದು ಸ್ಕೂಲಲ್ಲಿ ಅಮ್ಮಂದಿರ ದಿನ. ಎಲ್ರೂ ಅವರವರ ಅಮ್ಮನ ಕಾಲಿಗೆ ಬಿದ್ದು ಹಾರ ಕೊಡ್ಬೇಕು. ನಮ್ಮಮ್ಮ ಮೊದಲನೇ ಸಾಲಲ್ಲಿ ಕೂತ್ಕೋತಾಳೆ" ಎಂದಳು. ಆಗ ನಾನು ತಡೆಯಲಾರದೆ ಹೇಳಿಬಿಟ್ಟೆ. ಅವಳ ಮುಂದೆ ನೆಲಕ್ಕೆ ಕೂತು, ಎರಡೂ ಕೈ ಹಿಡಿದುಕೊಂಡು, "ಮಖಾಮ್, ನಾನೇ ನಿನ್ನ ಅಮ್ಮ. ನಿನ್ನ ಹೆತ್ತೋಳು ನಾನು" ಎಂದೆ. ಅವಳು ನನ್ನ ತಲೆ ಸವರಿದಳು, ನೀನು ಅವಳ ತಲೆ ಸವರುವ ಹಾಗೆ. "ನಿಮಗೆ ಮಕ್ಕಳಿಲ್ವಾ ಚಿಕ್ಕಮ್ಮ?" ಎಂದಳು. "ಅಳ್ಬೇಡಿ. ಮುಂದಿನ್ ಸಲ ಬಂದಾಗ ನಿಮಗೂ ಒಂದು ಹಾರ ತರ್ತೀನಿ."

ನಾನು ಹೇಳಿದರೆ ನಂಬುವುದಿಲ್ಲ ಅಕ್ಕಾ, ಹೇಳಿ ನೋಡಿದೆ. ನೀನು ಹೇಳಿದರೆ ಬೆಂಕಿಯನ್ನೂ ನೀರೆಂದು ನಂಬುತ್ತಾಳೆ. ನೀನೇ ಹೇಳು. ಹಾರ ನಿನಗೇ ಇರಲಿ, ನಾನೇ ಅದನ್ನು ಒಣಗದಂತೆ ಕಟ್ಟಿ ಪಾರ್ಸೆಲ್ ಮಾಡುತ್ತೇನೆ. ನೀನು ಅವಳ ಅಮ್ಮನಾಗಿಯೇ ಇರು, ನನ್ನನ್ನೂ ಒಬ್ಬ ಅಮ್ಮನೆಂದು ಹೇಳು, ಅಷ್ಟು ಸಾಕು. ಫೋನನ್ನು ಅವಳ ಪಕ್ಕ, ಬ್ಯಾಗಿನ ಮೇಲೆ ಇಡುತ್ತಿದ್ದೇನೆ. ರಿಂಗಾದರೆ ಅವಳೇ ಎತ್ತುತ್ತಾಳೆ. ತೋಟದಲ್ಲಿ ಎಲ್ಲಿದ್ದರೂ ಸರಿ, ಕತ್ತಿ ಕೆಳಗಿಟ್ಟು ಒಂದು ಸಲ ಮಾಡು. ನಿನ್ನ ಕಾಲಿಗೆ ಬೀಳುತ್ತೇನೆ ಅಕ್ಕಾ, ಫೋನು ಮಾಡು. ಬೆಳಗಾಗುವ ಮೊದಲು, ಆ ವ್ಯಾನು ಬರುವ ಮೊದಲು ಮಾಡು.